ಕಿವಿ ಕೆಡಿಸದ ಸೂಜಿ ಯಾವಾಗ ಬರುತ್ತೆ?

ಗದಗದ ಹುಡುಗ: ನಮ್ಮ ಕಾಕಾಗೆ ಹತ್ತು ವರ್ಷದ ಹಿಂದೆ ಗುಳಿಗೆಗೆ ಬಗ್ಗದ ಟಿಬಿ ಆಗಿತ್ತು. ತಿಂಗಳುಗಟ್ಟಲೆ ಕನಾಮೈಸಿನ್ ಸೂಜಿ ಮಾಡಿದರು. ಟಿಬಿ ಹೋಯ್ತು, ಜೊತೆಗೆ ಕಿವಿನೂ ಹೋಯ್ತು. ಈಗ ಫೋನ್ ಬಂದರೆ ಕಾಕು ಎತ್ತಿ ಸನ್ನೆ ಮಾಡಿ ಹೇಳಬೇಕು. ಇದೇ ಜಾತಿಯ ಔಷಧಿಯನ್ನು ಕಿವಿ, ಕಿಡ್ನಿ ಕೆಡದ ಹಾಗೆ ಹೊಸದಾಗಿ ಮಾಡುತ್ತಿದ್ದಾರಂತೆ, ನಿಜಾನಾ?

ಹುಬ್ಬಳ್ಳಿ ಮೆಡಿಕಲ್ ಶಾಪ್: ಹೊಸದು ಯಾಕ್ರೀ? ಇದೇ ಜಾತಿಯ ಜೆಂಟಾಮೈಸಿನ್, ಅಮಿಕಾಸಿನ್ ಅಗ್ಗ ಇವೆ. ತೂಕ ನೋಡಿ ಡೋಸ್ ಕೊಟ್ಟು, ನಡುನಡುವೆ ಕ್ರಿಯಾಟಿನಿನ್ (ಕಿಡ್ನಿ ನೋಡುವ ರಕ್ತದ ಟೆಸ್ಟ್), ಕಿವಿ ಟೆಸ್ಟ್ ಮಾಡಿಸಿದರೆ ಸಾಕು.

ಧಾರವಾಡ ಕೆಮಿಸ್ಟ್ರಿ ಮಾಸ್ತರ: ಸಾಕಾಗಲ್ಲ. ಈ ಔಷಧಿ ಬ್ಯಾಕ್ಟೀರಿಯಾದ ರೈಬೋಸೋಮಿಗೆ, ಅಂದರೆ ಪ್ರೋಟೀನ್ ಮಾಡುವ ಯಂತ್ರಕ್ಕೆ, ಅಂಟಿಕೊಂಡು ಅದು ತಪ್ಪು ತಪ್ಪು ಪ್ರೋಟೀನ್ ಮಾಡುವ ಹಾಗೆ ಮಾಡುತ್ತೆ. ನಮ್ಮ ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾದಲ್ಲಿ ಇರೋದೂ ಅದರ ದಾಯಾದಿಯೇ. ಅಲ್ಲಿ ಎ1555ಜಿ ಅನ್ನೋ ಜೀನಿನ ಒಂದೇ ಒಂದು ಬದಲಾವಣೆ ಇರುವವರಿಗೆ ಸರಿಯಾದ ಡೋಸ್‌ನಲ್ಲೂ ಕಿವಿ ಹೋಗಬಹುದು. ಅದು ತಾಯಿ ಕಡೆಯಿಂದ ಬರುತ್ತೆ. ಒಳಕಿವಿಯ ಕೂದಲು ಕೋಶ ಸತ್ತರೆ ಮತ್ತೆ ಹುಟ್ಟಲ್ಲ.

ಅದಕ್ಕೇ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇದೇ ಜಾತಿಯ ಸಿಸೋಮೈಸಿನ್ ತಗೊಂಡು, ಆ ಕೋಶದ ಬಾಗಿಲಲ್ಲಿ ಸುಲಭವಾಗಿ ನುಗ್ಗದಂತೆ ಅಣುವನ್ನು ತಿದ್ದಿದರು. 2015ರಲ್ಲಿ ಇಲಿಗಳ ಮೂತ್ರದ ಸೋಂಕು ವಾಸಿಯಾಯ್ತು, ಕಿವಿನೂ ಉಳಿಯಿತು. ಇನ್ನೊಂದು ದಾರಿ ಅಪ್ರಾಮೈಸಿನ್.

ಹಾವೇರಿ ದನದ ಡಾಕ್ಟರ್: ಅದು ನಮ್ಮ ಕಡೆಯ ಔಷಧಿ ಅಲ್ವಾ? ಕರು, ಹಂದಿಗಳ ಭೇದಿಗೆ ಕೊಡೋದು!

ಧಾರವಾಡ ಕೆಮಿಸ್ಟ್ರಿ ಮಾಸ್ತರ: ಅದೇ ಸರ್. ಅದು ಬ್ಯಾಕ್ಟೀರಿಯಾದ ರೈಬೋಸೋಮನ್ನು ಗಟ್ಟಿ ಹಿಡಿಯುತ್ತೆ, ನಮ್ಮದನ್ನು ಅಷ್ಟಾಗಿ ಮುಟ್ಟಲ್ಲ. ಆಕಾರ ಬೇರೆ ಆದ್ದರಿಂದ ಅಮಿಕಾಸಿನ್ ಕೆಡಿಸುವ ಬ್ಯಾಕ್ಟೀರಿಯಾದ ಎಂಜೈಮ್‌ಗಳಿಗೂ ಜಾಸ್ತಿ ಸಿಗಲ್ಲ. ಮನುಷ್ಯರ ಮೇಲೆ ಮೊದಲ ಹಂತದ ಪರೀಕ್ಷೆ ಆಗಿದೆ.

ಹಾವೇರಿ ದನದ ಡಾಕ್ಟರ್: ಜಾಸ್ತಿ ಹೊಗಳಬೇಡಿ. ಕೊಟ್ಟಿಗೆಯಲ್ಲಿ ಅದನ್ನೂ ಮುರಿಯುವ ಎಂಜೈಮ್ ಈಗಾಗಲೇ ಇದೆ, ಎಎಸಿ(3)-4 ಅಂತ. ಜನರಿಗೂ ಅದೇ, ದನಕ್ಕೂ ಅದೇ ಅಂದರೆ ಆ ಎಂಜೈಮ್ ಆಸ್ಪತ್ರೆಗೂ ಬರುತ್ತೆ.

ಹುಬ್ಬಳ್ಳಿ ಮೆಡಿಕಲ್ ಶಾಪ್: ನಾನು ಹೇಳೋದೂ ಅದೇ. ಇದೇ ಜಾತಿಯ ಹೊಸ ಔಷಧಿ ಪ್ಲಾಜೊಮೈಸಿನ್ ಏನಾಯ್ತು? 2018ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, 2019ರಲ್ಲಿ ಕಂಪನಿ ದಿವಾಳಿ. ಹೊಸ ಆಂಟಿಬಯಾಟಿಕ್ ಅಂದರೆ ಡಾಕ್ಟರು ಕೊನೆಗೆ ಇರಲಿ ಅಂತ ಕಪಾಟಿನಲ್ಲಿಟ್ಟರೆ ಮಾರಾಟ ಎಲ್ಲಿಂದ ಬರಬೇಕು? ಕಿವಿ, ಕಿಡ್ನಿ ಎಚ್ಚರಿಕೆ ಅದರ ಲೇಬಲ್ ಮೇಲೂ ಇದೆ ಮತ್ತೆ.

ಧಾರವಾಡ ಕೆಮಿಸ್ಟ್ರಿ ಮಾಸ್ತರ: ದುಡ್ಡಿನ ಮಾತು ಒಪ್ಪಿದೆ. ಆದರೆ ಅದು ಅಣುವಿನ ತಪ್ಪಲ್ಲ.

ಗದಗದ ಹುಡುಗ: ಸರ್, ತಾಯಿ ಕಡೆಯಿಂದ ಅಂದ್ರಲ್ಲ. ಕಾಕಾಗೆ ಅದಿದ್ದರೆ ನಮ್ಮ ಅಪ್ಪಗೂ ಇರುತ್ತಾ?

ಧಾರವಾಡ ಕೆಮಿಸ್ಟ್ರಿ ಮಾಸ್ತರ: ಇರಬಹುದು. ಅಪ್ಪನಿಂದ ನಿಮಗೆ ಬರಲ್ಲ. ಆದರೆ ನಿಮ್ಮ ಸೋದರತ್ತೆ ಇದ್ದರೆ ಅವರಿಗೂ ಅವರ ಮಕ್ಕಳಿಗೂ ಇರಬಹುದು. ಸೂಜಿ ಮಾಡಿಸುವ ಮುಂಚೆ ಕಾಕಾನ ವಿಷಯ ಡಾಕ್ಟರಿಗೆ ಹೇಳಲಿ.

ಗದಗದ ಹುಡುಗ: ಅತ್ತೆ ಮೂವರು ಇದ್ದಾರೆ. ಇವತ್ತೇ ಫೋನ್ ಮಾಡ್ತೀನಿ.