ಸಹಾಯ ಬೇಕು: ಎರಡನೇ ಬೈಕಾಗಿ ಹಗುರವಾದ ಸೂಪರ್‌ಮೋಟೋ

ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಈಗಿರೋದು ಭಾರದ ಟೂರಿಂಗ್ ಬೈಕು. ಹೆದ್ದಾರಿಗೆ ಹೇಳಿ ಮಾಡಿಸಿದ್ದು, ಆದ್ರೆ ಒಳದಾರಿಯ ಇಕ್ಕಟ್ಟಾದ ತಿರುವುಗಳಲ್ಲಿ ತೋಳು ಸೋತುಹೋಗುತ್ತೆ. ಅದನ್ನ ಮಾರಲ್ಲ, ಜೊತೆಗೊಂದು ಸೂಪರ್‌ಮೋಟೋ (ಡರ್ಟ್ ಬೈಕಿಗೆ ರಸ್ತೆಯ ಚಕ್ರ, ಟೈರು ಹಾಕಿದಂಥ ಬೈಕು) ಬೇಕು.

ಕಣ್ಣು ಬಿದ್ದಿರೋದು ಹಳೇ ಸುಜುಕಿ ಡಿಆರ್-ಝಡ್400ಎಸ್‌ಎಂ ಮೇಲೆ. 17 ಇಂಚಿನ ಚಕ್ರ, ಉದ್ದನೆಯ ಸಸ್ಪೆನ್ಷನ್, ಗುಂಡಿ ಬಂದ್ರೂ ಚಿಂತೆಯಿಲ್ಲ. ಆದ್ರೆ ಐದೇ ಗೇರು, ಟ್ಯಾಂಕು ಸುಮಾರು 10 ಲೀಟರು, ಸೀಟಂತೂ ಹಲಗೆ! ಕೆಟಿಎಂ 690 ಎಸ್‌ಎಂಸಿ ಆರ್‌ಗೆ ಶಕ್ತಿ ಜಾಸ್ತಿ, ಒಳದಾರಿಗೆ ಅಷ್ಟೆಲ್ಲ ಬೇಕಾ? ರೇಸ್ ಮೂಲದ 450 ಸಿಸಿ ಬೈಕುಗಳಿಗೆ ಎಂಜಿನ್ ಸರ್ವಿಸು ಕಿಲೋಮೀಟರಲ್ಲ, ಓಡಿಸಿದ ಗಂಟೆ ಲೆಕ್ಕದಲ್ಲಿ, ಆ ಸಹವಾಸ ಬೇಡ.

ಸೆಕೆಂಡ್ ಹ್ಯಾಂಡ್ ಡಿಆರ್-ಝಡ್ ನೋಡುವಾಗ ಕ್ಯಾಮ್ ಚೈನ್ ಟೆನ್ಷನರ್ (ಎಂಜಿನ್ ಒಳಗಿನ ಚೈನು ಸಡಿಲ ಆಗದಂತೆ ಬಿಗಿ ಹಿಡಿಯೋ ಭಾಗ) ಬಿಟ್ಟು ಇನ್ನೇನು ಪರೀಕ್ಷೆ ಮಾಡ್ಬೇಕು? ಕುಳ್ಳಗಿರೋರು ಸೀಟಿನ ಎತ್ತರಕ್ಕೆ ಏನು ಮಾಡ್ಕೊಂಡಿದ್ದೀರಿ? ಓಡಿಸ್ತಿರೋರು ದಯವಿಟ್ಟು ಹೇಳಿ.