ಅಪ್‌ಡೇಟ್: ಅಜ್ಜನ ಬೀಟೆ ಪೆಟ್ಟಿಗೆ, ಬೆಂಚು ಕೊನೆಗೂ ಹಾಲ್‌ಗೆ ಹೊಂದಿಕೊಂಡವು

ಎರಡು ವಾರದ ಹಿಂದೆ ಕೇಳಿದ್ದೆ. ಸಾಗರದ ಹಳೇ ಮನೆಯಿಂದ ತಂದ ಬೀಟೆ ಮರದ ಪೆಟ್ಟಿಗೆ ಮತ್ತು ಬೆಂಚು ನಮ್ಮ ಬೆಂಗಳೂರಿನ ಫ್ಲಾಟ್‌ನಲ್ಲಿ ಬರೀ ಕಪ್ಪಗೆ ಕಾಣುತ್ತಿವೆ, ಏನು ಮಾಡಲಿ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಗೆದ್ದಿದ್ದು "ಮೊದಲು ಲೈಟ್ ಬದಲಿಸಿ" ಎಂದವರ ಸಲಹೆ. 6500 ಕೆಲ್ವಿನ್‌ನ ಬಿಳಿ ಬಲ್ಬ್ ತೆಗೆದು 2700 ಕೆಲ್ವಿನ್‌ನ ಹಳದಿ ಬಲ್ಬ್ ಹಾಕಿದೆ. ಒಂದು ಲ್ಯಾಂಪನ್ನು ಪೆಟ್ಟಿಗೆಯ ಪಕ್ಕದಲ್ಲೇ ಇಟ್ಟೆ. ಮರದೊಳಗಿನ ಕೆಂಪು, ನೇರಳೆ ಗೆರೆಗಳು ಎದ್ದು ಬಂದವು! ಅಮ್ಮ ಸುಮ್ನೆ ನೋಡುತ್ತಾ ನಿಂತುಬಿಟ್ಟರು. ಗೋಡೆಗೆ ಸುಣ್ಣದಂಥ ಮಾಸಲು ಬಿಳಿ ಬಳಿಸಿದ್ದೂ ಚೆನ್ನಾಯಿತು.

ಟಿವಿ ಯೂನಿಟ್‌ಗೆ ಬೀಟೆ ಬಣ್ಣದ ಲ್ಯಾಮಿನೇಟ್ ಹಾಕುವ ಸಲಹೆ ಸರಿಹೋಗಲಿಲ್ಲ. ಸ್ಯಾಂಪಲ್ ತಂದು ಪಕ್ಕದಲ್ಲಿಟ್ಟೆ. ನಿಜವಾದ ಮರದ ಎದುರು ತೀರಾ ಸಪ್ಪೆ. ಯೂನಿಟ್ ಬಿಳಿಯಾಗಿಯೇ ಉಳಿಯಿತು.

ಮುಚ್ಚಳ ಬಿಗಿಯಾಗಿದೆ ಅಂತ ಬಡಗಿಯನ್ನು ಕರೆಸಿದ್ದೆ. ಉಜ್ಜಿಸುವ ಯೋಚನೆ ಇತ್ತು. ಅವರು ಬೇಡವೇ ಬೇಡ ಅಂದರು. ಮಳೆಗಾಲದಲ್ಲಿ ಮರ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಈಗ ಉಜ್ಜಿದರೆ ಆಮೇಲೆ ಸಂದು ಬೀಳುತ್ತದೆ ಅಂತ. ಮೂಲೆಗಳನ್ನೂ ತೋರಿಸಿದರು. ಒಂದು ಮೊಳೆಯೂ ಇಲ್ಲ, ಹಲ್ಲಿಗೆ ಹಲ್ಲು ಕೂರಿಸಿದ ಜೋಡಣೆ. ಇಷ್ಟು ವರ್ಷ ಅದರ ಮೇಲೇ ಕೂತಿದ್ದೆವು, ಗಮನಿಸಿಯೇ ಇರಲಿಲ್ಲ.

ಇನ್ನೊಂದು ಮಾತು, ನೇರ ಬಿಸಿಲಿಗೆ ಬೀಟೆಯ ಬಣ್ಣ ಮಾಸುತ್ತದಂತೆ. ಹಾಗಾಗಿ ಬೆಂಚು ಈಗ ಕಿಟಕಿಯಿಂದ ದೂರ, ಒಳಗೋಡೆಗೆ ಬಂದಿದೆ.