‘ಡಿಸ್‌ಗ್ರಂಟಲ್ಡ್’ ಪದದಲ್ಲಿ ‘ಡಿಸ್’ ಏನು ಮಾಡುತ್ತದೆ?

ಪ್ರಶ್ನೆ (ಶಿರಸಿ): ನಾನು ಇಲ್ಲಿಯ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಿನ್ನೆ ತರಗತಿಯಲ್ಲಿ ಪತ್ರಿಕೆ ಓದಿಸುವಾಗ ಈ ಗುಣವಾಚಕ ಬಂತು. ‘ಅಸಮಾಧಾನಗೊಂಡ’ ಎಂದು ಅರ್ಥ ಹೇಳಿದೆ. ಕೂಡಲೇ ಒಬ್ಬ ಹುಡುಗಿ, “ಅಕ್ಕೋರೇ, ‘ಡಿಸ್‌ಆನೆಸ್ಟ್’ನಲ್ಲಿ ‘ಡಿಸ್’ ತೆಗೆದರೆ ಪ್ರಾಮಾಣಿಕ ಎಂದಾಗುತ್ತದೆ, ಹಾಗಾದರೆ ‘ಗ್ರಂಟಲ್ಡ್’ ಎಂದರೆ ಸಮಾಧಾನದಲ್ಲಿ ಇರುವವರೇ?” ಎಂದು ಕೇಳಿದಳು. ಉತ್ತರ ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ (ಕುಮಟಾ): ಅಕ್ಕೋರೇ, ಇಲ್ಲಿ ‘ಡಿಸ್’ ಅರ್ಥವನ್ನು ಅಲ್ಲಗಳೆಯುವುದಿಲ್ಲ, ಹೆಚ್ಚಿಸುತ್ತದೆ. ‘ಗ್ರಂಟ್’ ಎಂದರೆ ಹಂದಿಯ ಗುರುಗುಟ್ಟುವಿಕೆ. ಸ್ಪಾರ್ಕ್ ‘ಸ್ಪಾರ್ಕಲ್’ ಆದಂತೆ, ಕ್ರ್ಯಾಕ್ ‘ಕ್ರ್ಯಾಕಲ್’ ಆದಂತೆ, ಮತ್ತೆ ಮತ್ತೆ ನಡೆಯುವ ಕ್ರಿಯೆಯನ್ನು ತೋರಿಸುವ ಪ್ರತ್ಯಯ ಸೇರಿ ಅದು ‘ಗ್ರಂಟಲ್’ ಆಯಿತು. ಮುಂದೆ ಮನುಷ್ಯರ ಗೊಣಗಾಟಕ್ಕೂ ಆ ಮಾತು ಸಂದಿತು. 17ನೇ ಶತಮಾನದ ಕೊನೆಯ ಭಾಗದಲ್ಲಿ ಅದಕ್ಕೆ ‘ಪೂರ್ತಿಯಾಗಿ’ ಎಂಬ ಅರ್ಥದ ‘ಡಿಸ್’ ಅಂಟಿಕೊಂಡಿತು. ಕನ್ನಡದಲ್ಲಿ ನಾವು ಈ ಕೆಲಸವನ್ನು ಗುರುಗುರು, ಗೊಣಗೊಣ ಎಂದು ದ್ವಿರುಕ್ತಿಯಿಂದಲೇ ಸಾಧಿಸುತ್ತೇವೆ. ಪತ್ರಿಕೆಗಳು ಬಳಸುವ ‘ಅತೃಪ್ತ’ ಎಂಬುದೇ ಇದಕ್ಕೆ ಸರಿಯಾದ ಪದವೆಂದು ನನ್ನ ಅಭಿಪ್ರಾಯ.

ಉತ್ತರ (ಸಿದ್ದಾಪುರ): ವ್ಯುತ್ಪತ್ತಿ ಸರಿಯಾಗಿದೆ, ಆದರೆ ‘ಅತೃಪ್ತ’ ಎಂಬುದನ್ನು ನಾನು ಒಪ್ಪಲಾರೆ. ಆ ಪದದಲ್ಲಿ ಸದ್ದಿಲ್ಲ. ನಮ್ಮ ಮನೆಗೆ ಅಡಿಕೆ ಸುಲಿಯಲು ಬರುತ್ತಿದ್ದ ಹಿರಿಯರೊಬ್ಬರು, ಹಿಂದಿನ ವರ್ಷ ತಮಗೆ ಸಲ್ಲಬೇಕಾಗಿದ್ದ ಕೂಲಿ ಪೂರ್ತಿ ಸಿಗಲಿಲ್ಲವೆಂದು, ಮೆಟ್ಟುಗತ್ತಿಯಿಂದ ಕಣ್ಣು ಎತ್ತದೆ, ಯಾರನ್ನೂ ಬಯ್ಯದೆ, ಒಂದೊಂದು ಅಡಿಕೆಗೂ ಒಂದೊಂದು ಮಾತನ್ನು ಗಂಟಲಲ್ಲೇ ನುಂಗುತ್ತಿದ್ದರು. ಡಿಸ್‌ಗ್ರಂಟಲ್ಡ್ ಎಂದರೆ ಅದು: ಥಟ್ಟನೆ ಬಂದು ಹೋಗುವ ಸಿಟ್ಟಲ್ಲ, ನ್ಯಾಯವಾಗಿ ಸಿಗಬೇಕಾದದ್ದು ಸಿಗದವನ ಹಳೆಯ ಅಸಮಾಧಾನ. ‘ಮುನಿಸು’ ಸಹ ಹೊಂದುವುದಿಲ್ಲ, ಏಕೆಂದರೆ ಅದರಲ್ಲಿ ಒಲಿಸಿಕೊಳ್ಳಲಿ ಎಂಬ ಆಸೆ ಇರುತ್ತದೆ. ‘ಅಸಮಾಧಾನದಿಂದ ಗೊಣಗುತ್ತಿರುವ’ ಎಂದು ಬಿಡಿಸಿ ಹೇಳುವುದೇ ಒಳ್ಳೆಯದು.

ಆ ಹುಡುಗಿಗೆ ಇನ್ನೊಂದು ವಿಷಯವನ್ನು ದಯವಿಟ್ಟು ತಿಳಿಸಿ. 20ನೇ ಶತಮಾನದಲ್ಲಿ ಇಂಗ್ಲಿಷರೂ ಅವಳಂತೆಯೇ ‘ಡಿಸ್’ ಕಳಚಿ, ‘ಗ್ರಂಟಲ್ಡ್’ ಎಂಬುದನ್ನು ‘ಸಂತುಷ್ಟ’ ಎಂಬ ಅರ್ಥದಲ್ಲಿ ತಮಾಷೆಗೆ ಬಳಸತೊಡಗಿದರು. ಇಂದು ಆ ಅರ್ಥ ನಿಘಂಟುಗಳಲ್ಲಿದೆ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಕೃತಜ್ಞತೆಗಳು. ಇಂದು ತರಗತಿಯಲ್ಲಿ ಇದನ್ನೆಲ್ಲ ಓದಿ ಹೇಳಿದೆ. ನಾನು ಬರೆಸಿದ್ದ ಅರ್ಥದ ಪಕ್ಕದಲ್ಲಿ ಅವಳು ‘ಗೊಣಗೊಣ’ ಎಂದು ಬರೆದುಕೊಂಡಳು.